ಜೈಲರಪ್ಪ ಪರಾರಿ

ಆ ವೃದ್ಧಾಶ್ರಮದಲ್ಲಿ ಯಾವ ಸಿನಿಮಾದ ಕೊನೆಯನ್ನೂ ಯಾರೂ ನೋಡಿದವರಲ್ಲ. ಶನಿವಾರ ಮಧ್ಯಾಹ್ನ ಊಟದ ಹಾಲಿನಲ್ಲಿ ಪರದೆ ಕಟ್ಟಿ ಸಿನಿಮಾ ಹಾಕುತ್ತಿದ್ದರು ನಿಜ. ಆದರೆ ನಾಯಕ ಇನ್ನೇನು ಉಳಿಯುತ್ತಾನೋ ಹೋಗುತ್ತಾನೋ ಎನ್ನುವ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಬಂದು ಸ್ವಿಚ್ ಆರಿಸಿಬಿಡುತ್ತಿದ್ದ. ಇದಕ್ಕೆಲ್ಲ ಕಾರಣ ದರ್ಜಿ ಅಜ್ಜ. ಹಿಂದೊಮ್ಮೆ ಕ್ಲೈಮ್ಯಾಕ್ಸ್ ನಡೆಯುವಾಗ ಆತ ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದ್ದ. ಅವತ್ತು ಎರಡೆರಡು ಸಲ ಊಟ ಮಾಡಿದ್ದರಿಂದ ಹಾಗಾಯಿತೆಂದು ಆತ ಈಗಲೂ ಆಣೆ ಇಟ್ಟು ಹೇಳುತ್ತಾನೆ. ಮ್ಯಾನೇಜರ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕ್ಲೈಮ್ಯಾಕ್ಸ್ ಎಂದರೆ ಬಿಪಿ, ಬಿಪಿ ಎಂದರೆ ಆಂಬುಲೆನ್ಸ್ ಎಂದು ತೀರ್ಮಾನಿಸಿ ಅಂದಿನಿಂದ ಎಲ್ಲ ಸಿನಿಮಾಗಳ ಬಾಲ ಕತ್ತರಿಸಿದ.

ಈ ತಿಂಗಳು ಆತ ತಾನು ಸದಸ್ಯನಾಗಿದ್ದ ಚಿತ್ರಸಮಾಜದಿಂದ ಪ್ರಶಸ್ತಿ ಬಂದ ಸಿನಿಮಾಗಳ ಒಂದು ಕಟ್ಟು ತಂದಿದ್ದ. ಎಲ್ಲವೂ ಒಳಗೆ ಇರುವವರ ಕತೆಗಳು. ಜೈಲು, ಹುಚ್ಚಾಸ್ಪತ್ರೆ, ಅನಾಥಾಲಯ, ಯುದ್ಧಕೈದಿಗಳ ಶಿಬಿರ. ವಯಸ್ಸಾದವರಿಗೆ ಇಂಥವು ಅರ್ಥವಾಗುತ್ತವೆಯೇ ಎಂದು ನರ್ಸು ಅನುಮಾನಪಟ್ಟಳು. ನಿವೃತ್ತ ಟೀಚರಮ್ಮ ಕನ್ನಡಕ ಒರೆಸಿಕೊಳ್ಳುತ್ತ, "ಬೇರೆಯವರಿಗಿಂತ ಜಾಸ್ತಿನೇ ಅರ್ಥ ಆಗುತ್ತೆ ಬಿಡಮ್ಮ" ಎಂದರು. ಹಾಲಿಗೆ ಹಾಲೇ ನಕ್ಕಿತು. ನಗದೆ ಕೂತಿದ್ದವರು ಒಬ್ಬರೇ, ಜೈಲರಪ್ಪ.

ಜೈಲರಪ್ಪ ಎಂದರೆ ನಿಜವಾದ ಜೈಲರೇ. ಇಡೀ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಕೈದಿಯೂ ಅವರ ಕೈ ತಪ್ಪಿಸಿಕೊಂಡು ಹೋಗಿರಲಿಲ್ಲ ಎನ್ನುವುದೇ ಅವರ ಆಸ್ತಿ. ಮಂಡಿ ಆಪರೇಷನ್ ಆದ ಮೇಲೆ ಮಗಳಿಗೆ ಭಾರವಾಗುವುದು ಬೇಡವೆಂದು ತಾವಾಗಿಯೇ ಬಂದು ಸೇರಿದ್ದರು. ಸೇರಿದ ವಾರದಲ್ಲೇ ಕೈ ಹಿಂದೆ ಕಟ್ಟಿಕೊಂಡು ಆಶ್ರಮವನ್ನೆಲ್ಲ ಸುತ್ತಿ, ಬೇಲಿಯ ಸಂದು ಮುಚ್ಚಿಸಿ, ಗೇಟಿನ ವಾಚ್‌ಮನ್‌ಗೆ ಪಾಠ ಶುರು ಮಾಡಿದರು. ಆಶ್ರಮದಲ್ಲಿ ಹಿಂದೆ ಯಾರೋ ಒಬ್ಬರು ವಾಕಿಂಗ್ ಹೋಗಿ ದಾರಿ ತಪ್ಪಿದ್ದರಿಂದ, ಮನೆಯವರು ಬಂದು ಸಹಿ ಹಾಕದೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಜೈಲರಪ್ಪ ಆ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದರು. ದಿನಾ ಮಧ್ಯಾಹ್ನ ಕೊಳೆಬಟ್ಟೆ ಒಯ್ಯುವ ಲಾಂಡ್ರಿ ವ್ಯಾನಿನ ಗಂಟುಗಳನ್ನು ಕೋಲಿನಿಂದ ತಿವಿದು ನೋಡಬೇಕೆಂದು ಕಲಿಸಿದರು. "ಓಡಿಹೋಗೋ ಮುಠ್ಠಾಳರೆಲ್ಲ ಬಟ್ಟೆಗಂಟಲ್ಲೇ ಹೋಗೋದು ಕಣಯ್ಯ, ಬರೆದಿಟ್ಕೋ" ಎಂದರು. ಅಂಥ ಮುಠ್ಠಾಳ ಆಶ್ರಮದಲ್ಲಿ ಯಾರಿದ್ದಾರೆಂದು ವಾಚ್‌ಮನ್‌ಗೆ ತಿಳಿಯದಿದ್ದರೂ ಅಂದಿನಿಂದ ತಪ್ಪದೆ ತಿವಿಯುತ್ತ ಬಂದ.

ಆ ಶನಿವಾರ ಹಾಕಿದ್ದು ಗಡಿಯಾರ ರಿಪೇರಿ ಮಾಡುವ ಒಬ್ಬ ಕೈದಿಯ ಕತೆ. ಜೈಲಿನ ಗೋಪುರದ ಗಡಿಯಾರಕ್ಕೆ ಕೀ ಕೊಡುವ ಕೆಲಸ ಅವನದು. ಗಂಟೆ, ಊಟ, ಕಾವಲಿನ ಪಾಳಿ ಎಲ್ಲ ನಡೆಯುವುದು ಆ ಗಡಿಯಾರದ ಮೇಲೆ. ಅವನು ವರ್ಷಗಟ್ಟಲೆ ಕಾದು, ಒಂದು ದಿನ ಮುಳ್ಳನ್ನು ಸ್ವಲ್ಪ ಮುಂದೆ ತಳ್ಳುತ್ತಾನೆ. ಹಳೆ ಪಾಳಿಯವರು ಹೊತ್ತಾಯಿತೆಂದು ಹೊರಡುತ್ತಾರೆ, ಹೊಸ ಪಾಳಿಯವರು ಇನ್ನೂ ಬಂದಿರುವುದಿಲ್ಲ. ಆ ಸಂದಿನಲ್ಲಿ ಅವನು ಹಗ್ಗ ಹಿಡಿದು ಗೋಡೆ ಇಳಿಯುತ್ತಿದ್ದಾಗ, ಮನೆಗೆ ಹೊರಟಿದ್ದ ಒಬ್ಬ ಮುದಿ ವಾರ್ಡರ್ ಕತ್ತೆತ್ತಿ ಮೇಲೆ ನೋಡುತ್ತಾನೆ. ಮ್ಯಾನೇಜರ್ ಸ್ವಿಚ್ ಆರಿಸಿದ.

ಚಹಾ ಹೊತ್ತಿಗೆ ಆಶ್ರಮ ಎರಡು ಪಾಲಾಯಿತು. ಎರಡು ಪಾಲು ಎಂದರೆ ಒಂದು ಕಡೆ ಎಲ್ಲರೂ, ಇನ್ನೊಂದು ಕಡೆ ಜೈಲರಪ್ಪ. ಕೈದಿ ಪಾರಾಗಿಯೇ ಆಗುತ್ತಾನೆಂದು ಟೀಚರಮ್ಮನ ಪಕ್ಷ. ವಾರ್ಡರ್ ನೋಡಿದ ಮೇಲೆ ಸಿಕ್ಕಿಬಿದ್ದಂತೆಯೇ, ನೆಟ್ಟಗೆ ನಡೆಯುವ ಜೈಲಿನಿಂದ ನೊಣವೂ ಹೊರಗೆ ಹೋಗಲಾರದು ಎಂದು ಜೈಲರಪ್ಪನ ವಾದ. ಮಾತಿಗೆ ಮಾತು ಬೆಳೆದು ಪಣದವರೆಗೆ ಹೋಯಿತು. ಜಗಲಿಯಲ್ಲಿ ಎಳೆಬಿಸಿಲು ಬೀಳುವ ಜಾಗದಲ್ಲಿ ಒಂದೇ ಒಂದು ಬೆತ್ತದ ಕುರ್ಚಿಯಿತ್ತು. ಅದು ಜೈಲರಪ್ಪನದು, ಬೇರೆ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಸೋತರೆ ಆ ಕುರ್ಚಿ ಟೀಚರಮ್ಮನಿಗೆ. ಗೆದ್ದರೆ ಜೈಲರಪ್ಪನ ಮಾತಿಗೆ ಇನ್ನು ಮುಂದೆ ಯಾರೂ ಎದುರಾಡುವಂತಿಲ್ಲ.

"ಕೊನೆ ನೋಡದೆ ಗೆದ್ದೋರು ಯಾರು ಅಂತ ಹೇಗೆ ತಿಳಿಯುತ್ತೆ?" ಎಂದು ದರ್ಜಿ ಅಜ್ಜ ಕೇಳಿದ. ಅದೇ ಸಿನಿಮಾ ಮರುದಿನ ಮಧ್ಯಾಹ್ನ ಪೇಟೆಯ ಚಿತ್ರಸಮಾಜದ ಹಾಲಿನಲ್ಲಿ ನಡೆಯುತ್ತಿದ್ದ ಕೈದಿಗಳ ಸಿನಿಮಾ ಉತ್ಸವದಲ್ಲಿತ್ತು, ಅದೂ ಕೊನೆಯ ಪ್ರದರ್ಶನ. ಜೈಲರಪ್ಪ ಮಗಳಿಗೆ ಫೋನ್ ಮಾಡಿ, ಬಂದು ಸಹಿ ಹಾಕುತ್ತೀಯಾ ಎಂದು ಕೇಳಿದರು. ಅವಳು ಊರಲ್ಲೇ ಇರಲಿಲ್ಲ. ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಆ ಮುದಿ ವಾರ್ಡರ್ ಕತ್ತೆತ್ತಿ ನೋಡುತ್ತಲೇ ಇದ್ದ. ಕುರ್ಚಿ ಹಾಳಾಗಲಿ, ಆ ಮನುಷ್ಯ ಏನು ಮಾಡಿದ ಎನ್ನುವುದು ಅವರಿಗೆ ತಿಳಿಯಲೇಬೇಕಿತ್ತು.

ಬೆಳಿಗ್ಗೆ ಎದ್ದವರೇ ದರ್ಜಿ ಅಜ್ಜನ ಕಿವಿಯಲ್ಲಿ, "ನಾನು ಹೊರಗೆ ಹೋಗ್ಬೇಕು. ಯಾರಿಗೂ ಹೇಳ್ಬೇಡ" ಎಂದರು.

ದರ್ಜಿ ಅಜ್ಜ ಅದನ್ನು ಟೀಚರಮ್ಮನಿಗೆ ಮಾತ್ರ ಹೇಳಿದ. ಟೀಚರಮ್ಮ ತಮ್ಮ ಕೋಣೆಯವರಿಗೆ ಮಾತ್ರ ಹೇಳಿದರು. ತಿಂಡಿ ಮುಗಿಯುವಷ್ಟರಲ್ಲಿ ಮ್ಯಾನೇಜರ್, ನರ್ಸು ಮತ್ತು ವಾಚ್‌ಮನ್ ಬಿಟ್ಟು ಇಡೀ ಆಶ್ರಮಕ್ಕೆ ಗುಟ್ಟು ಗೊತ್ತಿತ್ತು. ಒಬ್ಬರಾದ ಮೇಲೊಬ್ಬರು ಬಂದು ಸಲಹೆ ಕೊಟ್ಟರು. ಸುರಂಗ ತೋಡಿ ಎಂದು ಒಬ್ಬರು ಚಮಚ ತಂದುಕೊಟ್ಟರು. ಇನ್ನೊಬ್ಬರು ಹೆಣದಂತೆ ಮಲಗಲು ಹೇಳಿ, ಅಳುವ ಕೆಲಸ ತಮಗೆ ಬಿಡಿ ಎಂದರು. ಜೈಲರಪ್ಪ ಹಲ್ಲು ಕಚ್ಚಿಕೊಂಡು ಎಲ್ಲ ಕೇಳಿದರು. ತಾವೇ ಎಲ್ಲ ದಾರಿಗಳನ್ನೂ ಒಂದೊಂದಾಗಿ ಮುಚ್ಚಿಸಿದ್ದರು. ಉಳಿದದ್ದು ಬಟ್ಟೆಗಂಟು ಒಂದೇ.

ಊಟವಾದ ಮೇಲೆ ಹೊರಡಲೆಂದು ಕೋಣೆಗೆ ಬಂದು ನೋಡಿದರೆ, ಅವರ ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ತೊಟ್ಟು ಯಾರೋ ಗೋಡೆಗೆ ಮುಖ ಮಾಡಿ ಹಾಸಿಗೆಯಲ್ಲಿ ಮಲಗಿದ್ದರು. ದಿಂಬುಗಳನ್ನು ಕಟ್ಟಿ, ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚೇ ತುಂಬಿ, ದರ್ಜಿ ಅಜ್ಜ ಬೊಂಬೆ ಮಾಡಿದ್ದ. ಕೈಯಲ್ಲಿ ಇನ್ನೂ ಸೂಜಿಯಿತ್ತು.

"ಅದು ನನ್ನ ಒಂದೇ ಒಂದು ಒಳ್ಳೆ ಜೊತೆ ಕಣಯ್ಯ, ಬಿಚ್ಚು."

"ಹೊಲಿದುಬಿಟ್ಟಿದ್ದೀನಿ ಸಾಹೇಬ್ರೇ. ಬೊಂಬೆಗೆ ನಿಮ್ಮ ಕಳೆ ಬರ್ಬೇಕಲ್ಲ."

ಹೊರಗೆ ಲಾಂಡ್ರಿ ವ್ಯಾನಿನ ಹಾರ್ನ್ ಕೇಳಿಸಿತು. ಮೈಮೇಲಿದ್ದದ್ದು ಆಶ್ರಮದವರು ಎಲ್ಲರಿಗೂ ಕೊಡುವ ಪಟ್ಟೆಪಟ್ಟೆ ಪೈಜಾಮ. ಬೇರೆ ದಾರಿಯಿಲ್ಲದೆ ಜೈಲರಪ್ಪ ಅದರಲ್ಲೇ ಹಾಸಿಗೆ ಚಾದರಗಳ ಗಂಟಿನೊಳಗೆ ತೂರಿಕೊಂಡರು. ಟೀಚರಮ್ಮ ಗಂಟಿನ ಬಾಯಿ ಕಟ್ಟುತ್ತ, "ಹುಷಾರು, ಕೊನೆವರೆಗೂ ನೋಡ್ಕೊಂಡು ಬನ್ನಿ. ಅರ್ಧಕ್ಕೆ ಎದ್ದು ಬಂದ್ರೆ ಒಳಗೆ ಸೇರಿಸಲ್ಲ" ಎಂದರು. ಎದುರಾಳಿಯ ದನಿಯಲ್ಲಿ ಅಷ್ಟು ಕಕ್ಕುಲಾತಿಯಿರುತ್ತದೆಂದು ಜೈಲರಪ್ಪ ಎಣಿಸಿರಲಿಲ್ಲ.

ಗೇಟಿನಲ್ಲಿ ವ್ಯಾನ್ ನಿಂತಿತು. ವಾಚ್‌ಮನ್ ಕೋಲು ತೆಗೆದುಕೊಂಡು ಬಂದ. ಹೇಳಿಕೊಟ್ಟ ಪಾಠದಂತೆ ಒಂದು ಗಂಟನ್ನೂ ಬಿಡದೆ ತಿವಿದ. ಜೈಲರಪ್ಪನ ಸರದಿ ಬಂದಾಗ ಕೋಲು ಬಿದ್ದದ್ದು ಅವರ ಹಿಂಭಾಗಕ್ಕೆ, ಅದೂ ಜೋರಾಗಿ. ಅವರು ಚಾದರದ ತುದಿಯನ್ನು ಬಾಯಿಗೆ ತುರುಕಿಕೊಂಡರು. ನೋವಿನಲ್ಲೂ ಎದೆ ಉಬ್ಬಿತು. ಹುಡುಗ ಹೇಳಿಕೊಟ್ಟದ್ದನ್ನು ಚೂರೂ ಮರೆತಿಲ್ಲ. ಕೋಲಿಗೆ ಮೆತ್ತಗಿನದೇ ಸಿಕ್ಕಿದ್ದರಿಂದ ವಾಚ್‌ಮನ್ ತೃಪ್ತಿಯಾಗಿ ಗೇಟು ತೆಗೆದ.

ಲಾಂಡ್ರಿಯಲ್ಲಿ ಗಂಟು ಬಿಚ್ಚಿದವನು ಮೊದಲು ಕೂಗಿಕೊಂಡ, ಆಮೇಲೆ ವಿಷಯ ಕೇಳಿ ಬಿದ್ದುಬಿದ್ದು ನಕ್ಕ. ಅವನೂ ಸಿನಿಮಾ ಹುಚ್ಚಿನವನೇ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹಾಲಿನ ಬಾಗಿಲಿಗೇ ಬಿಟ್ಟ. ಸಂಜೆ ಒಗೆದ ಬಟ್ಟೆ ವಾಪಸು ಒಯ್ಯುವಾಗ ಕರೆದುಕೊಂಡು ಹೋಗುವುದಾಗಿಯೂ ಮಾತು ಕೊಟ್ಟ.

ಪಟ್ಟೆ ಪೈಜಾಮದಲ್ಲಿ ಪೇಟೆಯ ನಡುವೆ ಇಳಿದ ಜೈಲರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ನಡೆದದ್ದೇ ಬೇರೆ. ಕೈದಿಗಳ ಸಿನಿಮಾ ಉತ್ಸವದ ಕೊನೆಯ ದಿನ ಕೈದಿಯಂತೆ ವೇಷ ತೊಟ್ಟು ಬಂದ ಹಿರಿಯರನ್ನು ಕಂಡು ಚಿತ್ರಸಮಾಜದವರು ಕುಣಿದಾಡಿಬಿಟ್ಟರು. ಎಂಥ ಅಭಿಮಾನ, ಎಂಥ ಉತ್ಸಾಹ ಎಂದು ಕೈ ಕುಲುಕಿದರು, ಸುತ್ತ ನಿಂತು ಫೋಟೋ ತೆಗೆದರು. ಟಿಕೆಟ್ಟಿನ ಮಾತೇ ಎತ್ತದೆ ಮುಂದಿನ ಸಾಲಿನ ಮೆತ್ತನೆಯ ಸೀಟು ಕೊಟ್ಟರು. ತಿವಿಸಿಕೊಂಡು ಬಂದವರಿಗೆ ಆ ಮೆತ್ತೆ ಬಹಳ ಹಿತವಾಯಿತು.

ಸಿನಿಮಾ ಶುರುವಾಯಿತು. ಮುಳ್ಳು ಮುಂದೆ ಸರಿಯಿತು, ಹಗ್ಗ ಇಳಿಯಿತು, ಮುದಿ ವಾರ್ಡರ್ ಕತ್ತೆತ್ತಿ ನೋಡಿದ. ಜೈಲರಪ್ಪ ಅಭ್ಯಾಸಬಲದಿಂದ ಸ್ವಿಚ್ ಆರುವುದನ್ನು ಕಾದರು. ಆರಲಿಲ್ಲ. ವಾರ್ಡರ್ ಬಹಳ ಹೊತ್ತು ಮೇಲೆ ನೋಡುತ್ತ ನಿಂತ. ಗೋಪುರದ ಗಡಿಯಾರದ ಕಡೆ ನೋಡಿದ. ತನ್ನ ಕೈಗಡಿಯಾರ ನೋಡಿಕೊಂಡ. ಎರಡೂ ಬೇರೆ ಬೇರೆ ಹೇಳುತ್ತಿದ್ದವು. ಆಮೇಲೆ ನಿಧಾನವಾಗಿ ತನ್ನ ಗಡಿಯಾರದ ಮುಳ್ಳು ತಿರುಗಿಸಿ ಗೋಪುರದ ಗಡಿಯಾರಕ್ಕೆ ಸರಿಮಾಡಿಕೊಂಡ. ಅಂದರೆ ಅವನ ಡ್ಯೂಟಿ ಮುಗಿದಿತ್ತು. ಊಟದ ಡಬ್ಬಿ ಎತ್ತಿಕೊಂಡು, ತಲೆ ತಗ್ಗಿಸಿ, ಮನೆ ಕಡೆ ನಡೆದ.

ಹಾಲಿನಲ್ಲಿ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು ಜೈಲರಪ್ಪ. ಕಣ್ಣಲ್ಲಿ ನೀರು ಧಾರಾಕಾರ ಹರಿಯುತ್ತಿತ್ತು. ಪಣ ಸೋತಿದ್ದರು, ಕುರ್ಚಿ ಹೋಗಿತ್ತು, ಜೀವಮಾನದ ನಂಬಿಕೆಯೇ ಗಾಳಿಗೆ ಹಾರಿತ್ತು. ಆದರೂ ಇಷ್ಟು ಸಂತೋಷ ಅವರಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಒಗೆದ ಬಟ್ಟೆಗಳ ಬೆಚ್ಚನೆಯ ಗಂಟಿನಲ್ಲಿ ಅವರು ವಾಪಸು ಬಂದರು. ಒಳಗೆ ಬರುವ ಗಂಟನ್ನು ತಿವಿಯಬೇಕೆಂದು ಅವರು ಯಾರಿಗೂ ಕಲಿಸಿರಲಿಲ್ಲ. ನರ್ಸು ಬಿಪಿ ಯಂತ್ರ ಹಿಡಿದು ಕೋಣೆಗೆ ಬರುವುದಕ್ಕೂ, ದರ್ಜಿ ಅಜ್ಜ ಬೊಂಬೆಯನ್ನು ಮಂಚದ ಕೆಳಗೆ ಒದೆಯುವುದಕ್ಕೂ ಸರಿಹೋಯಿತು. ಅವಳು ಜೈಲರಪ್ಪನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಹುಬ್ಬು ಮೇಲೇರಿಸಿ ಮತ್ತೊಮ್ಮೆ ಒತ್ತಿದಳು. ಅಷ್ಟರಲ್ಲಿ ಮ್ಯಾನೇಜರ್ ಮೊಬೈಲು ಹಿಡಿದು ದಡದಡನೆ ಬಂದ. ಚಿತ್ರಸಮಾಜದವರು ಸದಸ್ಯರಿಗೆಲ್ಲ ಫೋಟೋ ಕಳಿಸಿದ್ದರು. ಪಟ್ಟೆ ಪೈಜಾಮ, ಬಿಳಿ ಮೀಸೆ, ಕಿವಿಯಿಂದ ಕಿವಿಯವರೆಗೆ ನಗು.

"ಇದು ನೀವೇನಾ ಸರ್?"

ಬಾಗಿಲಲ್ಲಿ ಆಶ್ರಮವೆಲ್ಲ ಜಮಾಯಿಸಿತ್ತು. ಸಾಹೇಬರು ಮಧ್ಯಾಹ್ನವಿಡೀ ಗೊರಕೆ ಹೊಡೆಯುತ್ತಿದ್ದರೆಂದು ದರ್ಜಿ ಅಜ್ಜ ಸಾಕ್ಷಿ ಹೇಳಲು ಮುಂದೆ ಬಂದ. ಹೌದೆಂದರೆ ಮಗಳಿಗೆ ದೂರು ಹೋಗುತ್ತದೆ, ಸಿನಿಮಾವೇ ನಿಂತರೂ ನಿಂತೀತು. ಇಲ್ಲವೆಂದರೆ ಎಲ್ಲವೂ ಮೊದಲಿನಂತೆ, ಬಾಲವಿಲ್ಲದ ಸಿನಿಮಾಗಳು, ಸಾಯುವ ತನಕ. ಜೈಲರಪ್ಪ ದರ್ಜಿ ಅಜ್ಜನನ್ನು ಪಕ್ಕಕ್ಕೆ ಸರಿಸಿದರು.

"ನಾನೇ. ಕ್ಲೈಮ್ಯಾಕ್ಸ್ ಪೂರ್ತಿ ನೋಡ್ಕೊಂಡು ಬಂದೆ. ಸಿಸ್ಟರ್, ನನ್ನ ಬಿಪಿ ಎಷ್ಟಿದೆ ಹೇಳಮ್ಮ ಇವರಿಗೆ."

ನರ್ಸು ಮ್ಯಾನೇಜರ್ ಮುಖ ನೋಡಿದಳು. "ಇವ್ರು ಸೇರಿದಾಗಿಂದ ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ ಸರ್. ನಿಜ ಹೇಳ್ಬೇಕು ಅಂದ್ರೆ, ಎಲ್ರಿಗೂ ಏರೋದು ಶನಿವಾರ ಸಂಜೆನೇ. ನೀವು ಸ್ವಿಚ್ ಆರಿಸಿದ ಮೇಲೆ."

ಮ್ಯಾನೇಜರ್ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿದ್ದವರು ಒಬ್ಬರೂ ಕದಲಲಿಲ್ಲ. ಕೊನೆಗೆ ಆತ ಕೈಚೆಲ್ಲಿ, ಇನ್ನು ಮೇಲೆ ಪ್ರತಿ ಸಿನಿಮಾವನ್ನೂ ಪೂರ್ತಿ ಹಾಕುತ್ತೇನೆ ಎಂದ. ಆಮೇಲೆ ಎದ್ದ ಗದ್ದಲಕ್ಕೆ ಅಡುಗೆಮನೆಯವರೂ ಓಡಿಬಂದರು. ಜೈಲರಪ್ಪನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಾಲಿನ ತುಂಬ ಮೆರವಣಿಗೆ ಮಾಡಿದರು. ಕುರ್ಚಿ ಹೊತ್ತವರಿಗೆ ಸೊಂಟನೋವು, ಹೊರಲಾಗದವರಿಗೆ ಗಂಟಲುನೋವು. ಮೆರವಣಿಗೆ ನಿಂತ ಮೇಲೆ ಅವರು ಎದ್ದು, ವಾರ್ಡರ್ ಏನು ಮಾಡಿದನೆಂದು ಎಲ್ಲರಿಗೂ ಹೇಳಿ, ಕುರ್ಚಿಯನ್ನು ಟೀಚರಮ್ಮನ ಕಡೆ ತಳ್ಳಿದರು. ಟೀಚರಮ್ಮ ಬೇಡ ಬೇಡ ಎನ್ನುತ್ತಲೇ ಕೂತುಕೊಂಡರು.

ಮ್ಯಾನೇಜರ್ ಮಾತ್ರ ಗಲ್ಲ ಕೆರೆಯುತ್ತ ನಿಂತಿದ್ದ. ಆಪರೇಷನ್ ಆದ ಮಂಡಿ ಇಟ್ಟುಕೊಂಡು ಜೈಲರಪ್ಪನೇ ಹೋಗಿಬರಬಹುದಾದರೆ ಯಾರು ಬೇಕಾದರೂ ಹೋಗಬಹುದು. ಬಟ್ಟೆಗಂಟಿನ ಕತೆ ಕೇಳಿದ ಮೇಲೆ ವಾಚ್‌ಮನ್ ಕಣ್ಣಿಗೆ ಮಣ್ಣೆರಚುವುದು ಸುಲಭವೆಂದೂ ಗೊತ್ತಾಗಿತ್ತು. ಆಶ್ರಮದ ಒಂದೊಂದು ಸಂದೂ ಬಲ್ಲವರು ಒಬ್ಬರೇ. ಆತ ಕೈ ಮುಗಿದು, "ಶನಿವಾರ ಮಧ್ಯಾಹ್ನ ವಾಚ್‌ಮನ್‌ಗೆ ಬೇರೆ ಕೆಲಸ ಇರುತ್ತೆ, ವ್ಯಾನ್ ಬರೋ ಹೊತ್ತಿಗೆ ಗೇಟನ್ನ ನೀವೇ ನೋಡ್ಕೋಬೇಕು ಸರ್. ನಿಮ್ಮಂಥವರು ಬೇರೆ ಯಾರಿದ್ದಾರೆ?" ಎಂದ. ಮೆರವಣಿಗೆಯ ಅಮಲಿನಲ್ಲಿದ್ದ ಜೈಲರಪ್ಪ ಎದೆಯುಬ್ಬಿಸಿ ಒಪ್ಪಿಕೊಂಡರು. ಶನಿವಾರ ಮಧ್ಯಾಹ್ನ ಎಂದರೆ ಏನೆಂದು ಅವರಿಗೆ ಹೊಳೆದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ಮುಂದಿನ ಶನಿವಾರ ಹುಚ್ಚಾಸ್ಪತ್ರೆಯ ಸಿನಿಮಾ. ಸಿನಿಮಾ ಯಂತ್ರ ನಡೆಸುವ ಕೆಲಸಕ್ಕೆ ಹಾಕಿದ್ದ ವಾಚ್‌ಮನ್ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಜೈಲರಪ್ಪ ಗೇಟಿನ ಬಳಿ ಸ್ಟೂಲಿನ ಮೇಲೆ, ಮೊಣಕಾಲ ಮೇಲೆ ಕೋಲು ಇಟ್ಟುಕೊಂಡು, ತಡವಾಗಿ ಬಂದ ವ್ಯಾನಿನ ಗಂಟುಗಳನ್ನು ತಿವಿಯುತ್ತಿದ್ದಾಗ ಹಾಲಿನಿಂದ ಒಮ್ಮೆಲೇ ಚಪ್ಪಾಳೆ ಕೇಳಿಸಿತು. ಆಮೇಲೆ ಯಾರೋ ಮೂಗು ಸೀಟಿದ ಸದ್ದು, ಮತ್ತೆ ಚಪ್ಪಾಳೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಜಗಲಿಗೆ ಬಂದರು. ಟೀಚರಮ್ಮ ಬೆತ್ತದ ಕುರ್ಚಿಯಲ್ಲಿ ಆರಾಮಾಗಿ ಒರಗಿ ಕೂತರು.

ಜೈಲರಪ್ಪ ತಡೆಯಲಾರದೆ ಕೋಲು ಊರಿಕೊಂಡು ಹತ್ತಿರ ಬಂದರು. "ಕೊನೆಗೆ ಏನಾಯ್ತು ಟೀಚರಮ್ಮ?"

ಟೀಚರಮ್ಮ ಕನ್ನಡಕ ತೆಗೆದು, ಕಣ್ಣೊರೆಸಿ, ಮತ್ತೆ ಹಾಕಿಕೊಂಡರು.

"ಅಯ್ಯೋ, ಅದನ್ನ ಬಾಯಲ್ಲಿ ಹೇಳಿದ್ರೆ ಏನು ಚೆಂದ ಜೈಲರಪ್ಪ? ನೋಡೇ ತಿಳ್ಕೋಬೇಕು."