ಗೋಡೆಯ ಮೇಲೆ ಗೆದ್ದವರು

ಆಗಬಾರದ್ದು ನಮ್ಮೂರಿನಲ್ಲಿ ಆಗುತ್ತಲೇ ಇರುತ್ತದೆ, ಅದೂ ಮೊದಲೇ ಲೆಕ್ಕ ಹಾಕಿ ಕುಳಿತವರ ಕಣ್ಣೆದುರಿಗೆ. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಎರಡು ವರ್ಷವಾಗಿರಬೇಕು. ನಾನು ನಾರಾಯಣಪೇಟೆಯಲ್ಲಿ ಮಾಸ್ತರನಾಗಿದ್ದೆ. ನಾಳೆಯ ಬಸ್ಸು ಬರುತ್ತದೋ ಇಲ್ಲವೋ ಹೇಳಲಾರದ ನಾಲ್ವರು ಒಂದು ಹೋಟೆಲಿನಲ್ಲಿ ಕುಳಿತು, ವಾಲಿಬಾಲ್ ಪಂದ್ಯಾವಳಿಯಲ್ಲಿ ಯಾರು ಯಾರನ್ನು ಸೋಲಿಸಿ ಕೊನೆಗೆ ಯಾರು ಗೆಲ್ಲುತ್ತಾರೆಂದು ಮೊದಲ ಆಟಕ್ಕೂ ಮುಂಚೆ ಗೋಡೆಯ ಮೇಲೆ ಬರೆಯುತ್ತಿದ್ದರು. ನಾಲ್ವರಲ್ಲಿ ನಾನೂ ಒಬ್ಬ. ನನ್ನ ಬಿ.ಎ. ಈ ವಿಷಯದಲ್ಲಿ ಕೆಲಸಕ್ಕೆ ಬರಲಿಲ್ಲ.

ಪಣ

ಹೋಟೆಲಿಗೆ ಒಂದೇ ಪತ್ರಿಕೆ ಬರುತ್ತಿತ್ತು. ಹುಬ್ಬಳ್ಳಿಯ ಕನ್ನಡ ಪತ್ರಿಕೆ, ರಾಯಚೂರಿನ ಮೇಲಿಂದ, ಒಂದು ದಿನ ತಡವಾಗಿ. ಮೊದಲು ಹಿಡಿದವನು ಮುಗಿಸಿದ ಮೇಲೆಯೇ ಇನ್ನೊಬ್ಬನಿಗೆ ಎಂಬುದು ಅಲ್ಲಿಯ ಕಾನೂನು. ಮೊದಲು ಹಿಡಿಯುತ್ತಿದ್ದವರು ತಹಸೀಲು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರು. ಅವರು ಹುಟ್ಟಿದಾಗಿನಿಂದ ಉರ್ದುವಿನಲ್ಲಿ ಬರೆದು ಓದಿದವರು. ಸರಕಾರ ಬದಲಾದ ಮೇಲೆ ಕನ್ನಡ ಅಕ್ಷರ ಕಲಿಯಲು ಶುರುಮಾಡಿದ್ದರು, ನಮ್ಮ ಪತ್ರಿಕೆಯ ಮೇಲೆ.

"ಪ... ಪ... ಮಾಸ್ತರ್, ಇದರ ಕೆಳಗ ನೇತಾಡತೈತಲ್ಲ, ಏನಿದು?"

"ಒತ್ತು, ಪೇಶ್ಕಾರ್ ಸಾಬ್."

"ಯಾಕ ಒತ್ತಬೇಕು?"

ಸಂಪಾದಕೀಯ ನನ್ನ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಮಿರ್ಚಿಭಜಿಯ ಎಣ್ಣೆ ಇಳಿದು, ಹಿಂದಿನ ಪುಟದ ಜಾಹೀರಾತೂ ಅದರಲ್ಲೇ ಕಾಣುತ್ತಿತ್ತು. ಹೀಗಾಗಿ ಪಣ ಕಟ್ಟೋಣವೆಂದು ನಾನೇ ಹೇಳಿದೆ: ಗೆಲ್ಲುವ ತಂಡವನ್ನು ಸರಿಯಾಗಿ ಹೇಳಿದವನಿಗೆ ಮುಂದಿನ ಪಂದ್ಯಾವಳಿಯವರೆಗೆ ಪತ್ರಿಕೆ ಮೊದಲು.

ಪೇಶ್ಕಾರರು ತಕ್ಷಣ ಒಪ್ಪಿದರು. "ಆಗ್ಲಿ. ಆದ್ರ ನಾನು ಗೆದ್ರ ಒತ್ತಕ್ಷರ ನೀವೇ ಓದಿ ಹೇಳಬೇಕು."

ಬಲದಿಂದ ಎಡಕ್ಕೆ

ಆರು ತಂಡಗಳು: ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಐಜ, ವಡ್ಡೆಪಲ್ಲಿ ಮತ್ತು ಪೊಲೀಸರು. ಇದ್ದಿಲು ಹಿಡಿದು ಮೊದಲು ನಕ್ಷೆ ಬರೆದವರು ಪೇಶ್ಕಾರರು. ಆರೂ ಹೆಸರುಗಳನ್ನು ಗೋಡೆಯ ಬಲತುದಿಯಲ್ಲಿ ಬರೆದು, ಗೆರೆ ಎಳೆಯುತ್ತ ಎಳೆಯುತ್ತ ಎಡಕ್ಕೆ ಬಂದು, ಎಡತುದಿಯಲ್ಲಿ ತಮ್ಮ ವಿಜೇತನನ್ನು ಕೂಡಿಸಿದರು: ನಾರಾಯಣಪೇಟೆ. ಉರ್ದು ಬರೆವ ಕೈಗೆ ಇದು ಸಹಜ.

ನಮ್ಮ ಮೂರನೆಯ ಗೆಳೆಯರು ಮಠದ ಆಚಾರ್ರು. ಅವರು ಬಂದು ಎಡದಿಂದ ಓದಿದರು. ಒಂದು ನಾರಾಯಣಪೇಟೆ, ಅದರಿಂದ ಕವಲು, ಕವಲಿನಿಂದ ಕವಲು, ಕೊನೆಗೆ ಆರು ಊರು.

"ಯಾರದ್ರೀ ಈ ವಂಶವೃಕ್ಷ?" ಎಂದರು. "ಮನೆತನ ದೊಡ್ಡದೈತಿ. ಪೊಲೀಸ್ ಅನ್ನೋ ಮಗ ಯಾರಿಗೆ ಹುಟ್ಟಿದವ?"

"ವಂಶ ಅಲ್ಲ ಆಚಾರ್ರೆ, ವಾಲಿಬಾಲ್," ಎಂದೆ.

"ಹಂಗಾರ ಗೆದ್ದವರನ್ನ ಮೊದಲೇ ಬರ್ದು, ಆಟ ಆಮ್ಯಾಲ ಆಡಸ್ತಾರೇನು?"

ಪೇಶ್ಕಾರರು ಕೈಯ ಮಸಿ ಒರೆಸಿಕೊಂಡು ಹೇಳಿದರು: "ತಹಸೀಲಿನಾಗ ಮೂವತ್ತು ವರ್ಷ ಹಂಗೇ ನಡಸೀವಿ. ತೀರ್ಪು ಮೊದಲು, ವಿಚಾರಣಿ ಆಮ್ಯಾಲ."

ವೈಜ್ಞಾನಿಕ ಪದ್ಧತಿ

ನಾನು ಊರಭಿಮಾನದವನಲ್ಲ, ಪಂಚಾಂಗದವನೂ ಅಲ್ಲ. ತಂಡವನ್ನು ಕಣ್ಣಾರೆ ನೋಡಿ ನಿರ್ಧರಿಸಬೇಕೆಂದು ರಜೆಯ ದಿನ ಗದ್ವಾಲಿಗೇ ಹೋದೆ. ಕೋಟೆಯ ಗೋಡೆ ಪಕ್ಕದಲ್ಲಿ ಹುಡುಗರು ಅಭ್ಯಾಸ ನಡೆಸಿದ್ದರು. ನಾನು ತಲುಪಿದ ಕ್ಷಣಕ್ಕೇ ಆರಡಿ ಮೀರಿದ ಒಬ್ಬ, ಧೋತರ ಎತ್ತಿ ಕಟ್ಟಿ, ನೆಲ ಬಿಟ್ಟು ಹಾರಿ, ಚೆಂಡಿಗೆ ಎಂಥ ಏಟು ಕೊಟ್ಟನೆಂದರೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ. ಮರುದಿನ ಗೋಡೆಯ ಮೇಲೆ ನನ್ನ ಪಾಲಿನ ವಿಜೇತನನ್ನು ಬರೆದೆ: ಗದ್ವಾಲ್.

ಪಂದ್ಯಾವಳಿಯ ಮೊದಲ ದಿನ ಗದ್ವಾಲ್ ತಂಡ ಇಳಿಯಿತು. ಎತ್ತರದವನಿಲ್ಲ. ಅವರ ಕಪ್ತಾನನನ್ನು ಕೇಳಿದೆ.

"ಅವರಾ? ಅವರು ರಾಯಚೂರಿನವರ್ರೀ. ತಂಗಿ ಮದುವಿಗೆ ಸೀರಿ ತಗೊಳ್ಳಾಕ ಬಂದಿದ್ರು. ಬಾಲು ಗೋಡಿ ಸಂದ್ಯಾಗ ಸಿಕ್ಕಿತ್ತು. ಉದ್ದ ಅದಾರಂತ ಅವರ ಕೈಲಿ ಬಡಿಸಿ ಕೆಡವಿದ್ವಿ."

ಗದ್ವಾಲ್ ಹೇಗೋ ವಡ್ಡೆಪಲ್ಲಿಯನ್ನು ಸೋಲಿಸಿತು. ನನ್ನ ಪದ್ಧತಿ ಸರಿಯೆಂದು ನಾನು ಎಲ್ಲರಿಗೂ ಹೇಳಿದೆ.

ಶೂಲೆ

ಆಚಾರ್ರ ವಿಜೇತ ಐಜ. ಆ ಹುಡುಗರು ಮಂತ್ರಾಲಯಕ್ಕೆ ಹೋಗಿ ಬಂದಿದ್ದಾರೆಂಬುದು ಅವರ ಆಧಾರ. ಐಜ ಮೊದಲ ದಿನವೇ ನಾರಾಯಣಪೇಟೆಗೆ ಸೋತಿತು. ಆಚಾರ್ರು ಅಲುಗಲಿಲ್ಲ. "ಅವರು ರಾಯರ ಹತ್ರ ಮೋಕ್ಷ ಕೇಳ್ಯಾರ ಅಂತ ಕಾಣತದ," ಎಂದರು.

ಅವರಿಗೆ ಇನ್ನೊಂದು ಆಸೆ ಉಳಿದಿತ್ತು. ಮಕ್ತಲ್ ಸೋಲಲೇಬೇಕು. ಕಾರಣ, ಮಕ್ತಲಿನವರು ಮಂಗಳವಾರ ಉತ್ತರಕ್ಕೆ ಪ್ರಯಾಣ ಮಾಡಿ ಬರುವವರು. ಮಂಗಳವಾರ ಉತ್ತರಕ್ಕೆ ವಾರಶೂಲೆ, ಹೊರಟವರಿಗೆ ಕೇಡು ತಪ್ಪದು.

ಮಂಗಳವಾರ ಮಕ್ತಲ್ ಬಂತು, ಪೊಲೀಸರನ್ನು ಎರಡೇ ಸುತ್ತಿನಲ್ಲಿ ಮುಗಿಸಿತು.

"ಆಚಾರ್ರೆ, ನಿಮ್ಮ ಶೂಲೆ?"

ಆಚಾರ್ರು ಆಗಲೇ ವಿಚಾರಿಸಿಕೊಂಡು ಬಂದಿದ್ದರು. "ಅವರು ಕುಂತು ಬಂದ ಶೇಂಗಾ ಲಾರಿ ನಡುದಾರ್ಯಾಗ ಕೆಟ್ಟು ನಿಂತದ. ಹುಡುಗರು ನಡಕೋತ ಬಂದಾರ. ಶಾಸ್ತ್ರ ಸುಳ್ಳಾಗಂಗಿಲ್ರೀ ಮಾಸ್ತರ್ರೆ, ಶೂಲೆ ಲಾರಿಗೆ ತಾಗೇದ."

ಪೊಲೀಸರ ಕಪ್ಪು

ನಾಲ್ಕನೆಯವನು ಹೋಟೆಲಿನ ಮಾಲೀಕ, ತೆಲುಗಿನವನು. ಅವನು ತನ್ನ ಪಾಲಿನ ನಕ್ಷೆಯ ಎಲ್ಲ ಗೆರೆಗಳ ಮೇಲೂ ಪೊಲೀಸರನ್ನೇ ಬರೆದಿದ್ದ.

"ಅವರಿಗೆ ಚೆಂಡು ಯಾವುದು, ಕುಂಬಳಕಾಯಿ ಯಾವುದು ಗೊತ್ತಿಲ್ಲವಲ್ಲೋ," ಎಂದರೆ, "ಅಯ್ಯೋ ಸಾರು, ನಾಕು ಪಿಲ್ಲಲುನ್ನಾರು! ಮಕ್ಕಳೊಂದಿಗ ಅದೀನ್ರೀ. ಪೊಲೀಸ್ರು ಸೋಲ್ತಾರಂತ ಗೋಡಿ ಮ್ಯಾಲ ಬರಿಯಾಕ ಆಗ್ತದೇನು?" ಎಂದಿದ್ದ.

ಸೋತ ಸಂಜೆ ಪೊಲೀಸ್ ಅಮೀನರು, ಅಂದರೆ ಠಾಣೆಯ ಸಾಹೇಬರು, ಚಹಾಕ್ಕೆ ಬಂದರು. ಗೋಡೆ ನೋಡಿದರು. ವಿಜೇತ: ಪೊಲೀಸ್.

"ಚೇಷ್ಟೆ ಮಾಡ್ತಿಯೇನಲೇ?"

ಮಾಲೀಕ ಒದ್ದೆ ಬಟ್ಟೆ ತಂದು ಒರೆಸಿ, ಅಲ್ಲಿ ಮಕ್ತಲ್ ಎಂದು ಬರೆದ.

"ಓಹೋ, ನಾವು ಸೋತದ್ದು ಊರಿಗೆಲ್ಲ ಸಾರತಿ!"

ಅದನ್ನೂ ಒರೆಸಿದ. ಖಾಲಿ ಗೆರೆ ಉಳಿಯಿತು. ಅಮೀನರು ಅದನ್ನೂ ದುರುಗುಟ್ಟಿ ನೋಡತೊಡಗಿದರು. ಮಾಲೀಕ ಬೆವರುತ್ತ ಆ ಗೆರೆಯ ಮೇಲೆ ‘ಚಾ ತಯಾರ್ ಐತಿ’ ಎಂದು ಬರೆದ. ಅಮೀನರು ಓದಿ, ಸಮಾಧಾನಗೊಂಡು, ಕುಳಿತು ಕುಡಿದರು.

ಆ ವರ್ಷ ಪೊಲೀಸರ ಕೈಗೆ ಸಿಕ್ಕ ಕಪ್ಪು ಅದೊಂದೇ.

ಗದ್ವಾಲಿಗೆ ಬೈ

ಉಳಿದದ್ದು ಮೂರು ತಂಡ. ಗೋಡೆಯ ಮೇಲೆ ಜೀವಂತ ಇದ್ದವರು ಇಬ್ಬರು: ನಾರಾಯಣಪೇಟೆ ಎಂದ ಪೇಶ್ಕಾರರು, ಗದ್ವಾಲ್ ಎಂದ ನಾನು. ಪತ್ರಿಕೆ ನಮ್ಮಿಬ್ಬರಲ್ಲಿ ಒಬ್ಬರದು.

ಮೂವರಲ್ಲಿ ಒಬ್ಬರು ಆಡದೆಯೇ ಫೈನಲಿಗೆ ಹೋಗಬೇಕು. ಇಂಗ್ಲಿಷಿನವರು ಇದಕ್ಕೆ ‘ಬೈ’ ಎನ್ನುತ್ತಾರೆ. ಚೀಟಿ ಎತ್ತಿದರು. ಗದ್ವಾಲ್! ನನಗೆ ಎಣ್ಣೆಯಿಲ್ಲದ ಸಂಪಾದಕೀಯ ಕಣ್ಣಮುಂದೆ ಬಂತು. ಇಂಗ್ಲಿಷ್ ಬಲ್ಲವನೆಂದು, ಪಂದ್ಯಾವಳಿ ನಡೆಸುತ್ತಿದ್ದ ನಮ್ಮ ಹೆಡ್‌ಮಾಸ್ತರರು ಕೂಗಿ ಹೇಳುವ ತಗಡಿನ ಭೋಂಗಾ ನನ್ನ ಕೈಗೇ ಕೊಟ್ಟರು. ಮೈದಾನದ ತುಂಬ ಜನ. ನಾನು ಸ್ಪಷ್ಟವಾಗಿ ಕೂಗಿದೆ:

"ಗದ್ವಾಲಿಗೆ ಬೈ!"

ಜನ ಕಿವಿಗೆ ಕೈ ಹಚ್ಚಿದರು. ಅರ್ಥವಾಗಿಲ್ಲವೆಂದುಕೊಂಡು ಇನ್ನೂ ಜೋರಾಗಿ ಕೂಗಿದೆ: "ಬೈ! ಗದ್ವಾಲಿಗೆ ಬೈ!"

ಅರ್ಥವಾಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಗದ್ವಾಲಿನವರ ಅಜ್ಜನಿಂದ ಶುರುಮಾಡಿದಳು. "ಮಾಸ್ತರ್ರು ಹೇಳಾಕ ಹತ್ಯಾರ, ಬೈರ್ಲೇ!" ಎಂದು ಯಾರೋ ಹುರಿದುಂಬಿಸಿದರು. ಇಡೀ ಊರು ಬೈಯತೊಡಗಿತು, ಕನ್ನಡದಲ್ಲಿ, ತೆಲುಗಿನಲ್ಲಿ, ದಖನಿ ಉರ್ದುವಿನಲ್ಲಿ. ಏಕೆ ಬೈಯಬೇಕೆಂದು ಒಬ್ಬನೂ ಕೇಳಲಿಲ್ಲ.

ಗದ್ವಾಲಿನ ಕಪ್ತಾನ ಮಾತ್ರ ಶಾಂತವಾಗಿ ನಿಂತಿದ್ದ. ಅವನಿಗೆ ಆಟದ ಬೈ ಗೊತ್ತಿತ್ತು. ಫೈನಲಿಗೆ ಹೋದೆವೆಂಬ ಸಂತೋಷದಲ್ಲಿ ಬೈಗುಳವನ್ನು ಸಹಿಸಿಕೊಂಡಿದ್ದ. ಅವನನ್ನು ಕಾಪಾಡಬೇಕೆಂದು ನಾನು ಭೋಂಗಾ ಎತ್ತಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ:

"ಬೈ ಬ್ಯಾಡ! ಗದ್ವಾಲಿಗೆ ಬೈ ಬ್ಯಾಡ!"

ಕಪ್ತಾನ ಉರಿದುಬಿದ್ದ. "ಕೊಟ್ಟ ಬೈ ಕಸಗೊಳ್ತೀರೇನು? ಇಷ್ಟು ಬೈಸಿಕೊಂಡಮ್ಯಾಲ?" ಬಲೆಯ ಗೂಟಕ್ಕೆ ಒದ್ದು, ತಂಡವನ್ನು ಕಟ್ಟಿಕೊಂಡು ಬಸ್ಸು ಹತ್ತಿದ. ನಾನು ಬಸ್ಸಿನ ಹಿಂದೆ ಓಡಿದೆ. ನನ್ನ ಕೈಯಲ್ಲಿ ಭೋಂಗಾ ಕಂಡು ಡ್ರೈವರ್ ಇನ್ನಷ್ಟು ಜೋರಾಗಿ ಓಡಿಸಿದ.

ನಾರಾಯಣಪೇಟೆ ಮಕ್ತಲನ್ನು ಸೋಲಿಸಿತು. ಫೈನಲಿನಲ್ಲಿ ಎದುರಾಳಿಯೇ ಇಲ್ಲದೆ ಗೆದ್ದಿತು.

ಮರುದಿನ ಹೋಟೆಲಿನಲ್ಲಿ ನಾನು ವಾದಿಸಿದೆ: ಇದು ಗೆಲುವಲ್ಲ, ಜನರ ಅಜ್ಞಾನ. ನಾನು ಹೇಳಿದ್ದು ಇಂಗ್ಲಿಷ್, ಅವರು ಕೇಳಿದ್ದು ಕನ್ನಡ. ಇದರಲ್ಲಿ ನನ್ನ ತಪ್ಪೇನು?

ಪೇಶ್ಕಾರರು ಪತ್ರಿಕೆ ಬಿಡಿಸಿ, ಕನ್ನಡಕ ಏರಿಸಿ, ಮೊದಲ ಒತ್ತಕ್ಷರದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು.

"ಯಾಕ ಸಿಟ್ಟಾಗ್ತೀರಿ ಮಾಸ್ತರ್? ಇಷ್ಟು ವರ್ಷದಾಗ ನೀವು ಹೇಳಿದ್ದನ್ನ ಈ ಊರು ಕೇಳಿದ್ದು ಅದೊಂದೇ ಸಲ."