ತಿರುಗುತ್ತೆ, ಸ್ಟಾರ್ಟ್ ಆಗಲ್ಲ

ಕೊಪ್ಪದಲ್ಲಿ ಲಾರಿ ಗ್ಯಾರೇಜು ಇಟ್ಟು ನನಗೆ ಇಪ್ಪತ್ತೆರಡು ವರ್ಷವಾಯಿತು. ಬ್ರೇಕ್ ಹಿಡಿಯದ ಲಾರಿ, ಗೇರ್ ಬೀಳದ ಲಾರಿ ಎಲ್ಲ ಗಂಭೀರವಾಗಿಯೇ ಬಂದು, ಗಂಭೀರವಾಗಿಯೇ ರಿಪೇರಿಯಾಗಿ ಹೋಗುತ್ತವೆ. ಆದರೆ ಯಾರಾದರೂ ಫೋನ್ ಮಾಡಿ, "ಸೆಲ್ಫ್ ಹೊಡೆದ್ರೆ ಎಂಜಿನ್ ತಿರುಗುತ್ತೆ ಮಾರಾಯ್ರೆ, ಸ್ಟಾರ್ಟ್ ಆಗಲ್ಲ" ಅಂದರೆ ನನಗೆ ಮೊದಲೇ ನಗು ಬರುತ್ತದೆ. ಆ ಒಂದು ಮಾತಿನ ಹಿಂದೆ ಏನಾದರೊಂದು ಫಜೀತಿ ಇರದೆ ಹೋದದ್ದು ನನಗಂತೂ ನೆನಪಿಲ್ಲ.

ಅಡ್ಡಗದ್ದೆಯ ಬುತ್ತಿ

ಒಂದು ಮಧ್ಯಾಹ್ನ ಅಡ್ಡಗದ್ದೆಯಿಂದ ಡ್ರೈವರೊಬ್ಬನ ಫೋನು. ಹಳೆಯ ಲಾರಿ, ತುಂಬ ಇಟ್ಟಿಗೆ. ಮನೆ ಕಟ್ಟುವವರು ಗಾರೆಯವರನ್ನು ಕೂರಿಸಿಕೊಂಡು ಕಾಯುತ್ತಿದ್ದಾರೆ, ಲಾರಿ ರಸ್ತೆ ಬದಿಯಲ್ಲಿ ನಿಂತುಬಿಟ್ಟಿದೆ.

ಬೈಕಿಗೆ ಸಾಮಾನು ಕಟ್ಟಿಕೊಂಡು ಹೋದೆ. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗಿತು. ಫಿಲ್ಟರ್ ಬಿಚ್ಚಿದೆ, ಸರಿಯಿತ್ತು. ಡೀಸೆಲ್ ಪೈಪ್ ಸಡಿಲಿಸಿದೆ, ಒಳಗೆ ಗಾಳಿ ಸೇರಿರಲಿಲ್ಲ. ಮುಕ್ಕಾಲು ಗಂಟೆ ಕಳೆಯಿತು. ಡ್ರೈವರ್ ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ನೀನು ಊಟ ಮಾಡು ಮಾರಾಯ, ನಾನು ನೋಡ್ತೇನೆ" ಅಂದೆ.

"ಲಾರಿ ಸ್ಟಾರ್ಟ್ ಆಗದೆ ಒಂದು ತುತ್ತೂ ಇಳಿಯಲ್ಲ" ಅಂದ.

ಕೊನೆಗೆ ಸ್ಟಿಯರಿಂಗಿನ ಕೆಳಗೆ ಬಗ್ಗಿದೆ. ಹಳೆಯ ಲಾರಿಗಳಲ್ಲಿ ಎಂಜಿನ್ ನಿಲ್ಲಿಸಲು ಅಲ್ಲೊಂದು ಗುಬ್ಬಿ ಇರುತ್ತದೆ. ಅದನ್ನು ಹೊರಗೆಳೆದರೆ ಡೀಸೆಲ್ ಬಂದ್, ಬಿಟ್ಟು ಅದು ಒಳಗೆ ಹೋದರೆ ಮಾತ್ರ ಎಂಜಿನ್ ಹಿಡಿಯುವುದು. ಈ ಪುಣ್ಯಾತ್ಮ ತನ್ನ ಬುತ್ತಿಚೀಲದ ಹಿಡಿಯನ್ನು ಆ ಗುಬ್ಬಿಗೆ ಸಿಕ್ಕಿಸಿ, ಚೀಲ ಅಲ್ಲಾಡದಿರಲಿ ಅಂತ ಸೀಟಿನ ಸಂದಿಗೆ ಬಿಗಿಯಾಗಿ ತುರುಕಿದ್ದ. ಚೀಲ ಜಗ್ಗಿ ಗುಬ್ಬಿ ಪೂರ್ತಿ ಹೊರಗೆ ಬಂದಿತ್ತು.

ಚೀಲ ತೆಗೆದು ಅವನ ಕೈಗೆ ಕೊಟ್ಟೆ. ಗುಬ್ಬಿ ತಾನಾಗಿ ಒಳಗೆ ಸರಿಯಿತು, ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಎಂಜಿನ್ ಗುಡುಗಿತು!

ಅವನು ಚೀಲವನ್ನೂ ಎಂಜಿನ್ನನ್ನೂ ನೋಡಿದ. "ಅಂದ್ರೆ, ನೀವು ಬರೋ ಮೊದಲೇ ನಾನು ಊಟ ಮಾಡಿದ್ರೆ..."

"ಹೌದು" ಅಂದೆ. "ನಾನು ಬರೋದೇ ಬೇಡವಾಗಿತ್ತು."

ಕಿಗ್ಗದ ಹ್ಯಾಂಡ್ ಪಂಪು

ಒಬ್ಬರು ಮೇಷ್ಟ್ರು ನಿವೃತ್ತಿಯಾದ ಮೇಲೆ ಒಂದು ಲಾರಿ ಕೊಂಡಿದ್ದರು. ಲಾರಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದರ ಬಣ್ಣ ಮಾತ್ರ. ಒಂದು ದಿನ ಡ್ರೈವರ್ ಜೊತೆ ಕಿಗ್ಗದ ಕಡೆ ಹೋಗಿದ್ದಾಗ ಡೀಸೆಲ್ ಮುಗಿದು ಲಾರಿ ನಿಂತಿತು. ಡೀಸೆಲ್ ತಂದು ಹಾಕಿದರೂ ಎಂಜಿನ್ ಬರೀ ತಿರುಗುತ್ತಿತ್ತು. ಡ್ರೈವರ್ ಲಾರಿಗೆ ಹೊಸಬ. ಅವನನ್ನು ಲಾರಿ ಕಾಯಲು ಬಿಟ್ಟು ಮೇಷ್ಟ್ರು ಸಿಗ್ನಲ್ ಹುಡುಕುತ್ತ ಅರ್ಧ ಫರ್ಲಾಂಗು ನಡೆದು, ಅಲ್ಲಿಂದ ನನಗೆ ಫೋನ್ ಮಾಡಿದರು.

"ಪೈಪಲ್ಲಿ ಗಾಳಿ ಸೇರಿದೆ ಸಾರ್" ಅಂದೆ. "ಏನಿಲ್ಲ, ಹ್ಯಾಂಡ್ ಪಂಪ್ ಹೊಡೀಬೇಕು. ಮೊದಲು ಬುಸ್ ಅಂತ ಗಾಳಿ ಬರ್ತದೆ, ಆಮೇಲೆ ನೊರೆ. ನೊರೆ ನಿಲ್ಲೋ ತನಕ ಬಿಡಬೇಡಿ."

ಡೀಸೆಲ್ ಪೈಪಿನ ಗಾಳಿ ತೆಗೆಯಲು ಎಂಜಿನ್ ಪಕ್ಕದಲ್ಲೇ ಹೆಬ್ಬೆರಳಿನಲ್ಲಿ ಒತ್ತುವ ಒಂದು ಸಣ್ಣ ಪಂಪು ಇರುತ್ತದೆ. ನಾನು ಹೇಳಿದ್ದು ಅದನ್ನು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಫೋನು. ಮೇಷ್ಟ್ರು ಏದುಸಿರು ಬಿಡುತ್ತಿದ್ದರು.

"ಹೊಡೆದೆ ಮಾರಾಯ. ರಟ್ಟೆ ಬಿದ್ದು ಹೋಯ್ತು. ನೀನು ಹೇಳಿದ ಹಾಗೇ ಮೊದಲು ಬುಸ್ ಅಂತು, ಆಮೇಲೆ ನೊರೆ ಬಂತು. ಈಗ ನೀರು ಚೆನ್ನಾಗಿ ಬರ್ತಿದೆ."

ಡೀಸೆಲ್ ಜೊತೆ ನೀರು ಸೇರಿದ್ದರೆ ಎಂಜಿನ್ನಿನ ಕತೆ ಮುಗಿಯಿತು. "ನೀರಾ? ಎಷ್ಟು ಬಂತು ಸಾರ್?"

"ಐದು ಕೊಡ."

"ಐದು ಕೊಡಾನಾ?!"

"ಹೌದಪ್ಪ. ಇಲ್ಲಿ ಹೆಂಗಸರು ಸಾಲಾಗಿ ನಿಂತಿದ್ದಾರೆ. ಇನ್ನೂ ಮೂರು ಕೊಡ ಬಾಕಿ ಇದೆ."

ಸಿಗ್ನಲ್ ಸಿಕ್ಕಿದ್ದು ಬೋರ್‌ವೆಲ್ ಪಕ್ಕದಲ್ಲಂತೆ. ಕಣ್ಣೆದುರಿಗೇ ಹ್ಯಾಂಡ್ ಪಂಪ್ ಕಂಡಿದೆ, ಅವರು ಯಾಕೆ ಬಿಡುತ್ತಾರೆ? ಇಪ್ಪತ್ತು ನಿಮಿಷ ಒಂದೇ ಸಮನೆ ಹೊಡೆದಿದ್ದರು. ನಾನು ನಗು ತಡೆದುಕೊಂಡು ಎಂಜಿನ್ ಪಕ್ಕದ ಪಂಪಿನ ವಿಷಯ ಬಿಡಿಸಿ ಹೇಳಿದೆ. ಅವರು ಹೋಗಿ ಡ್ರೈವರ್‌ಗೆ ಹೇಳಿದರು, ಅವನು ಹತ್ತು ಸಲ ಒತ್ತಿದ, ಲಾರಿ ಸ್ಟಾರ್ಟ್ ಆಯಿತು.

ಮೇಷ್ಟ್ರು ಇವತ್ತಿಗೂ ನನ್ನ ಮಾತು ಸುಳ್ಳಾಗಲು ಬಿಡುವುದಿಲ್ಲ. "ನೀನು ಹೇಳಿದ್ದು ಸರಿಯಿತ್ತು ಮಾರಾಯ. ಎರಡು ಪಂಪ್ ಹೊಡೀಬೇಕು ಅಂತ ಮಾತ್ರ ಮೊದಲೇ ಹೇಳಿರಲಿಲ್ಲ" ಅನ್ನುತ್ತಾರೆ.

ಲ್ಯಾಪ್‌ಟಾಪಿನವರು

ಈಗಿನ ಹೊಸ ಲಾರಿಗಳು ಕೆಟ್ಟರೆ ಲ್ಯಾಪ್‌ಟಾಪ್ ತಂದು ಸಿಕ್ಕಿಸುತ್ತಾರೆ. ನರಸಿಂಹರಾಜಪುರದಲ್ಲಿ ಹೀಗೇ ಒಂದು ಹೊಸ ಲಾರಿ ಏರಿನಲ್ಲಿ ನಿಂತಿತ್ತು. ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ದೂರದಿಂದ ಒಬ್ಬರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ನಾನು ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದವನು, ಜನ ಕಂಡು ನಿಂತೆ.

"ಎಲ್ಲ ನಾರ್ಮಲ್ ತೋರಿಸ್ತಿದೆ" ಅಂದರು ಅವರು, ಮೂರನೇ ಸಲ.

"ಎಲ್ಲ ನಾರ್ಮಲ್ ಆದ್ರೆ ಲಾರಿ ಯಾಕೆ ಹೋಗ್ತಿಲ್ಲ?" ಅಂತ ಡ್ರೈವರ್ ಕೇಳಿದ.

"ಅದು ತೋರಿಸ್ತಿಲ್ಲ."

ನಾನು ಟ್ಯಾಂಕಿಗೆ ಬೆರಳಿನಿಂದ ಬಡಿದು ನೋಡಿದೆ. ಮುಂಭಾಗ ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು, ಹಿಂಭಾಗ ಮಾಡಲಿಲ್ಲ. ಇದ್ದದ್ದು ಕಡಿಮೆ ಡೀಸೆಲ್, ಏರಿನಲ್ಲಿ ಅದಷ್ಟೂ ಹಿಂದಕ್ಕೆ ಸರಿದಿತ್ತು. ಎಂಜಿನ್ನಿಗೆ ಡೀಸೆಲ್ ಎಳೆಯುವ ಪೈಪು ಗಾಳಿ ಕುಡಿಯುತ್ತಿತ್ತು.

"ಒಂದು ಕ್ಯಾನ್ ಡೀಸೆಲ್ ಹಾಕಿ, ಗಾಳಿ ತೆಗೀರಿ" ಅಂದೆ. ಇಸ್ತ್ರಿ ಶರ್ಟಿನವರು ನನ್ನ ಗ್ರೀಸು ಮೆತ್ತಿದ ಪ್ಯಾಂಟನ್ನು ಒಮ್ಮೆ ನೋಡಿದರು. ಡ್ರೈವರ್ ಮಾತ್ರ ಕ್ಯಾನ್ ಹಿಡಿದು ಓಡಿದ.

ಲಾರಿ ಸ್ಟಾರ್ಟ್ ಆದಾಗ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸರಿಯಾಗಿ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಪರದೆ ಕಪ್ಪಾಯಿತು. ಅವರು ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ ಕೇಳಿದರು, "ಅಣ್ಣ, ಇಲ್ಲಿ ಎಲ್ಲಾದ್ರೂ ಚಾರ್ಜ್ ಮಾಡಬಹುದಾ?"

ನಮ್ಮ ಲಾರಿ ಪಾಪ, ತಿರುಗುವುದಾದರೂ ತಿರುಗುತ್ತಿತ್ತು.

ಅಡುಗೆಯಮ್ಮ

ಮದುವೆ ಅಡುಗೆಗೆ ನಮ್ಮ ಕಡೆ ಹೆಸರಾದ ಒಬ್ಬ ಹೆಂಗಸಿದ್ದಾರೆ. ಅರವತ್ತು ದಾಟಿದೆ. ಸೌಟು ಹಿಡಿದು ನಿಂತರೆ ಗಂಡಿನ ಕಡೆಯವರೂ ಗಪ್‌ಚಿಪ್. ಒಂದು ಬೆಳಿಗ್ಗೆ ಅವರ ಕೊಪ್ಪರಿಗೆ, ಒಲೆ, ಅಕ್ಕಿ, ತರಕಾರಿ ಎಲ್ಲ ಹೇರಿದ್ದ ಲಾರಿ ಕೊಪ್ಪದಿಂದ ಹೊರಡಲೇ ಇಲ್ಲ. ನರಸಿಂಹರಾಜಪುರದ ಛತ್ರದಲ್ಲಿ ಎಂಟೂವರೆಗೆ ತಿಂಡಿ ಕೊಡಬೇಕು.

ನಾನು ತಲೆ ಸ್ನಾನ ಮಾಡಿದವನು ಹಾಗೇ ಓಡಿದೆ. ಡೀಸೆಲ್ ಇತ್ತು. ಗುಬ್ಬಿ ಒಳಗಿತ್ತು. ಡೀಸೆಲ್ ಪೈಪಲ್ಲಿ ಗಾಳಿ ಸೇರಿರಲಿಲ್ಲ. ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ಎಂಜಿನ್ ಇನ್ನಷ್ಟು ನಿಧಾನವಾಗಿ ತಿರುಗುತ್ತಿತ್ತು. ಇನ್ನೆರಡು ಸಲ ಹೊಡೆದರೆ ಬ್ಯಾಟರಿಯೂ ಮಲಗುತ್ತದೆ ಅಂತ ಗೊತ್ತಾಯಿತು. ಬೆವರು ಇಳಿಯತೊಡಗಿತು.

ಅಡುಗೆಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದರು. "ಇದರೊಳಗೆ ಎಂತ ಉರೀಬೇಕು?"

"ಡೀಸೆಲ್ ಉರೀಬೇಕಮ್ಮ."

"ಡೀಸೆಲ್ ಬರ್ತದಾ?"

"ಬರ್ತದೆ."

"ಹಾಗಾದ್ರೆ ಗಾಳಿ ಆಡ್ತಿಲ್ಲ. ಸೌದೆ ಇದ್ದೂ ಒಲೆ ಹತ್ತದಿದ್ರೆ ನಾವು ಮೊದಲು ಗಾಳಿ ನೋಡ್ತೇವೆ."

"ಅಮ್ಮ, ಇದು ಒಲೆ ಅಲ್ಲ, ಎಂಜಿನ್ನು."

"ಉರಿಯೋದು ಬೆಂಕಿ ತಾನೇ?"

ಕ್ಯಾಬಿನ್ ಹಿಂದೆ ಹತ್ತಿ ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆ ನೋಡಿದೆ. ಅದರ ಬಾಯಿಗೆ ಎರಡು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ದಪ್ಪ ಬಟ್ಟೆ, ಸುತ್ತ ಬಿಗಿಯಾಗಿ ಬಾಳೆನಾರು! ಉಪ್ಪಿನಕಾಯಿ ಭರಣಿಗೆ ಕಟ್ಟಿದ ಹಾಗೆ ಕಟ್ಟಿತ್ತು. ಒಂದು ಚೂರು ಗಾಳಿ ನುಸುಳುವಂತಿರಲಿಲ್ಲ.

"ಇದನ್ನು ಕಟ್ಟಿದ್ದು ಯಾರು?" ಅಂತ ಮೇಲಿಂದಲೇ ಕೂಗಿದೆ.

ಡ್ರೈವರ್ ತಲೆ ಅಲ್ಲಾಡಿಸಿದ. ಸಾಮಾನು ಹೇರಿದವರೂ ಅಲ್ಲಾಡಿಸಿದರು. ಅಡುಗೆಯಮ್ಮ ಮಾತ್ರ ಎಳ್ಳಷ್ಟೂ ಅಳುಕದೆ ಹೇಳಿದರು, "ನಾನೇ. ನಿನ್ನೆ ಸಂಜೆ ಸಾಮಾನು ಹೇರುವಾಗ ಮಳೆ ಹನೀತಿತ್ತು. ಬಾಯಿ ತೆರೆದಿಟ್ಟದ್ದು ಕಂಡ್ರೆ ನನ್ನ ಕೈ ಸುಮ್ಮನಿರಲ್ಲ."

ನಾರು ಕತ್ತರಿಸಿ, ಬಟ್ಟೆ ಕಿತ್ತು, ದೇವರನ್ನು ನೆನೆದು ಸೆಲ್ಫ್ ಹೊಡೆಸಿದೆ. ಎಂಜಿನ್ ಎರಡು ಸಲ ಮುಲುಕಿ, ಮೂರನೇ ಸಲಕ್ಕೆ ಧಡಧಡ ಅಂತ ಎದ್ದಿತು. ಕೊಪ್ಪರಿಗೆಗಳೆಲ್ಲ ಒಟ್ಟಿಗೆ ಗಲಗಲ ಅಂದವು. ಡ್ರೈವರ್ ಹಾರ್ನ್ ಹೊಡೆದ. ನಾನು ಮೇಲಿಂದಲೇ ಎರಡೂ ಕೈ ಎತ್ತಿದೆ.

ತಿಂಡಿ ಹೊತ್ತಿಗೆ ಸರಿಯಾಗಿ ಆಯಿತಂತೆ. ಛತ್ರದಲ್ಲಿ ಯಾರೋ ಲಾರಿ ವಿಷಯ ಕೇಳಿದ್ದಕ್ಕೆ ಅಡುಗೆಯಮ್ಮ, "ಎಂತ ಕೆಟ್ಟಿದೆ ಅಂತ ನಾನೇ ಹೇಳಿದ್ದು. ಮೆಕ್ಯಾನಿಕ್ ಒಳ್ಳೆಯವನು, ಹೇಳಿಕೊಟ್ಟದ್ದನ್ನು ಬೇಗ ಕಲೀತಾನೆ" ಅಂದರಂತೆ. ಕಟ್ಟಿದ್ದು ಯಾರು ಅನ್ನುವ ಭಾಗ ಮಾತ್ರ ಛತ್ರ ಮುಟ್ಟಲಿಲ್ಲ.

ವಾರದೊಳಗೆ ಶೃಂಗೇರಿಯಿಂದ ಗುರುತಿಲ್ಲದ ಡ್ರೈವರೊಬ್ಬನ ಫೋನು ಬಂತು. "ಲಾರಿ ತಿರುಗುತ್ತೆ ಮಾರಾಯ್ರೆ, ಸ್ಟಾರ್ಟ್ ಆಗಲ್ಲ."

"ಎಲ್ಲಿದ್ದೀಯ ಹೇಳು, ಈಗಲೇ ಹೊರಟೆ" ಅಂದೆ.

"ಅಯ್ಯೋ, ನೀವು ಬರೋದು ಬೇಡ" ಅಂದ. "ಆ ಅಡುಗೆಯಮ್ಮನ ನಂಬರ್ ಇದ್ರೆ ಸ್ವಲ್ಪ ಕೊಡಿ."