ಒಟ್ಟಿಗೋ, ಜೋಡಿಯೋ, ಸರದಿಯೋ

ಲ್ಯಾಪ್‌ಟಾಪಿನ ಪರದೆ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಮೂರು ಉತ್ತರಗಳಿದ್ದವು. ಯಾವುದು ಸರಿ ಎಂಬುದು ಕನ್ನಡಕದಂಗಡಿಯ ಯಜಮಾನನಾದ ಅವನಿಗೆ ತಿಳಿಯಲಿಲ್ಲ.

ಅವನ ಅಪ್ಪ ಬಿಟ್ಟುಹೋದ ಹಳೆ ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ ಕೆಟ್ಟಿತ್ತು. ಕಂಪನಿಯದು ಈಗ ಸಿಗುವುದಿಲ್ಲವೆಂದು ಹೊರಗಿನದೊಂದನ್ನು ತರಿಸಿ ಹಾಕಿಸಿದ್ದ. ಮೆಕ್ಯಾನಿಕ್ ವೈರುಗಳನ್ನೆಲ್ಲ ಜೋಡಿಸಿ, ಲ್ಯಾಪ್‌ಟಾಪನ್ನೂ ಅದಕ್ಕೆ ಸಿಕ್ಕಿಸಿಟ್ಟು, "ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ನಾಲ್ಕಿವೆ ಸಾರ್. ನಾಲ್ಕೂ ಒಟ್ಟಿಗೆ ಚಿಮ್ಮಬೇಕಾ, ಎರಡೆರಡು ಜೋಡಿಯಾಗಾ, ಒಂದೊಂದೇ ಸರದಿ ಪ್ರಕಾರನಾ ಅಂತ ಇದು ಕೇಳುತ್ತೆ. ನಾನು ಫೋನ್ ಮಾಡೋವರೆಗೂ ಮುಟ್ಟಬೇಡಿ" ಎಂದು ಇನ್ನೊಂದು ಕೆಲಸಕ್ಕೆ ಓಡಿದ್ದ.

ಹೆಂಡತಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಸಂಜೆಯೊಳಗೆ ಇದು ಓಡ್ಲಿಲ್ಲ ಅಂದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ" ಎಂದು ಖಡಾಖಂಡಿತವಾಗಿ ಹೇಳಿದ್ದಳು. ಅಪ್ಪ ಅವನಿಗೆ ಡ್ರೈವಿಂಗ್ ಕಲಿಸಿದ್ದು ಇದೇ ಕಾರಿನಲ್ಲಿ.

ಕಾರು ನಿಂತಿದ್ದ ಅಂಗಳಕ್ಕೆ ಮೊದಲು ಇಣುಕಿದವರು ಮೇಲಿನ ಮಹಡಿಯ ನಿವೃತ್ತ ಹೆಡ್‌ಮಾಸ್ಟರ್. ಪ್ರಶ್ನೆ ಕೇಳಿ, "ಇದರಲ್ಲಿ ಯೋಚನೆ ಮಾಡೋದೇನಿದೆ? ಸರದಿ ಹಾಕಯ್ಯ! ಈ ಬಿಲ್ಡಿಂಗ್‌ನಲ್ಲಿ ಸರದಿ ಪ್ರಕಾರ ನೀರು ಬಿಟ್ಟಿದ್ರೆ ನಮ್ಮ ನಲ್ಲಿ ಹೀಗೆ ಒಣಗ್ತಿತ್ತಾ?" ಎಂದರು.

ನೀರಿಗೂ ಇದಕ್ಕೂ ಏನು ಸಂಬಂಧವೋ ಅವನಿಗೆ ತಿಳಿಯಲಿಲ್ಲ. ಆದರೂ ಹೆಡ್‌ಮಾಸ್ಟರ್ ಅಲ್ಲವೇ, ಸರದಿಯನ್ನೇ ಒತ್ತಿ ಕೀಲಿ ತಿರುಗಿಸಿದ. ಎಂಜಿನ್ ನಾಲ್ಕು ಸಲ ಗೊರಗೊರ ಎಂದು ಸುಮ್ಮನಾಯಿತು.

ಸದ್ದಿಗೆ ಕೆಳಗಿನ ಮನೆಯ ದೊಡ್ಡಮ್ಮ ಹೊರಬಂದರು. "ಸರದಿಯಂತೆ ಸರದಿ! ಎಲ್ಲಕ್ಕೂ ಒಂದೇ ಸಲ ಬಿಡಪ್ಪ. ಕಾದು ಕಾದು ಬಾಯಾರಿಸ್ಕೊಂಡು ಕೂತಿರೋಕೆ ಅವಕ್ಕೇನು ಗ್ರಹಚಾರ?"

ಒಟ್ಟಿಗೆ ಹಾಕಿದ. ಕಾರು ಒಮ್ಮೆ ಸೀನಿ, ಹಿಂದೆ ಒಣಗಲು ಹಾಕಿದ್ದ ಬಿಳಿ ಬೆಡ್‌ಶೀಟಿನ ಮೇಲೆ ಕಪ್ಪು ಹೊಗೆ ಉಗುಳಿ ನಿಂತಿತು. ಬೆಡ್‌ಶೀಟ್ ಹೆಡ್‌ಮಾಸ್ಟರರ ಮನೆಯದು.

"ಬೇಕಂತಲೇ ಹೇಳ್ಕೊಟ್ರಿ!" ಎಂದು ಅವರು ದೊಡ್ಡಮ್ಮನ ಮೇಲೆ ಹರಿಹಾಯ್ದರು. ಮೇಲಿನವರು ಕೆಳಗಿಳಿದರು, ಕೆಳಗಿನವರು ಒಂದಾದರು. ಕಟ್ಟಡದ ಕಾರ್ಯದರ್ಶಿ ಎಂಥ ಜಗಳಕ್ಕೂ ಸಭೆಯೇ ಮದ್ದು ಎಂದು ನಂಬಿದವರು. ಬಾನೆಟ್ ಪಕ್ಕದಲ್ಲೇ ನಿಂತು, "ಸರದಿ ಅನ್ನೋರು ಕೈಯೆತ್ತಿ" ಎಂದರು. ಮೇಲಿನವರದೆಲ್ಲ ಸರದಿ, ಕೆಳಗಿನವರದೆಲ್ಲ ಒಟ್ಟಿಗೆ. ಎರಡೂ ಕಡೆ ಸಮಸಮ ಬಿತ್ತು.

"ಈಗ ನಿಮ್ಮದೊಂದು ಕೈ ಉಳೀತು" ಎಂದು ಕಾರ್ಯದರ್ಶಿ ಅವನತ್ತ ತಿರುಗಿದರು. "ನೀವು ಯಾರ ಕಡೆ?"

ಅವನ ಮನೆ ನಡುವಿನ ಮಹಡಿಯಲ್ಲಿತ್ತು. ಮೇಲೆ ನೋಡಿದ, ಕೆಳಗೆ ನೋಡಿದ. ತಲೆ ಗಿರ್ರೆಂದಿತು. "ಜೋಡಿ" ಎಂದುಬಿಟ್ಟ.

"ಛೆ, ಎಡಬಿಡಂಗಿ!" ಎಂದು ಎರಡೂ ಕಡೆಯವರು ಮೊದಲ ಬಾರಿಗೆ ಒಂದಾಗಿ ಬೈದರು. ಆ ಗಲಾಟೆಯಲ್ಲೇ ಮೆಕ್ಯಾನಿಕ್‌ನ ಫೋನ್ ಬಂತು. "ಸಾರ್, ಜೋಡಿಗೆ ಹಾಕಿ. ಈಗ ಯಾವ ಸಿಲಿಂಡರ್ ಸರದಿ ಅಂತ ಹೇಳೋ ಸೆನ್ಸರೇ ನಿಮ್ಮ ಗಾಡೀಲಿಲ್ಲ. ಒಟ್ಟಿಗೆ ಹಾಕೋದಾದ್ರೆ ಪೆಟ್ರೋಲಿನ ಲೆಕ್ಕಾನೆಲ್ಲ ಬದಲಾಯಿಸ್ಬೇಕು."

ಅವನು ಜೋಡಿ ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದ. ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಅವನಿಗೆ ಅಳು ಬಂದೇಬಿಟ್ಟಿತು. ಗೆದ್ದೆ, ಅಪ್ಪನ ಕಾರು ಉಳಿಯಿತು!

ಹೆಂಡತಿ ಇಳಿದು ಬಂದಳು, ಹಿಂದೆಯೇ ಅವಳ ತಮ್ಮ.

"ಕೇಳಿಸ್ತಾ?" ಎಂದ ಅವನು ಕಾರಿನಿಂದಿಳಿದು, ಹೆಂಡತಿಯ ಮುಂದೆ ಎದೆಯುಬ್ಬಿಸಿ. "ಇನ್ನು ಗುಜರಿ ಮಾತೆತ್ತಬೇಡ."

"ನಾನೇನು ಮಾತಿಗೆ ತಪ್ಪೋಳಾ? ಓಡೋ ಗಾಡೀನ ಯಾರಾದ್ರೂ ಗುಜರಿಗೆ ಕೊಡ್ತಾರಾ?" ಎಂದು ನಗುತ್ತ ಅವಳು ತನ್ನ ಕೈಯಲ್ಲಿದ್ದ ಗೊಂಚಲಿನಿಂದ ಕಾರಿನ ಇನ್ನೊಂದು ಕೀಲಿ ಬಿಚ್ಚಿ ತಮ್ಮನ ಕೈಗಿಟ್ಟಳು. "ಇವನು ಯಾವಾಗಿಂದಲೋ ಕೇಳ್ತಾನೇ ಇದ್ದ. ಕೆಟ್ಟಿದ್ದನ್ನ ತವರಿಗೆ ಹೇಗ್ರೀ ಕೊಡೋದು ಅಂತ ನಾನೇ ಸುಮ್ನಿದ್ದೆ."

"ತುಂಬಾ ಉಪಕಾರ ಆಯ್ತು ಭಾವ" ಎಂದು ತಮ್ಮ ಸೀಟಿನಲ್ಲಿ ಕೂತ. ಮೇಲಿನವರು, ಕೆಳಗಿನವರು ಎಲ್ಲರೂ ಸೇರಿ ಕೈಬೀಸಿದರು.

ಕಾರು ಗೇಟು ದಾಟಿ ರಸ್ತೆಗಿಳಿಯಿತು. ತಿರುವಿನಲ್ಲಿ ಒಂದೇ ಒಂದು ಸಲವಾದರೂ ನಿಂತೀತೇನೋ ಎಂದು ಅವನು ಕಿವಿಗೊಟ್ಟು ಕಾದ. ನಿಲ್ಲಲಿಲ್ಲ.